ಹೆಸರು ತಪ್ಪಿದರೆ ಹಾದಿಯೂ ತಪ್ಪೀತು

ಪಶ್ಚಿಮಘಟ್ಟದ ಉಳಿವಿನ ಪ್ರಶ್ನೆ ಎದ್ದಾಗಲೆಲ್ಲ ನಾವು ಬರೆಯುವ ಮನವಿಪತ್ರಗಳಲ್ಲಿ ಹುಲಿ, ಸಿಂಗಳೀಕ, ಮಂಗಟ್ಟೆ ಹಕ್ಕಿಗಳ ಹೆಸರು ತಪ್ಪದೆ ಬರುತ್ತದೆ. ಅದು ಬರಬೇಕಾದದ್ದೇ. ಆದರೆ ಕಾಡಂಚಿನ ಗದ್ದೆಯಲ್ಲಿ, ಏಲಕ್ಕಿ ಮಲೆಯಲ್ಲಿ, ಅಡಿಕೆ ತೋಟದ ನೆರಳಿನಲ್ಲಿ ಹುಳುಗಳ ಸಂಖ್ಯೆಯನ್ನು ಹದದಲ್ಲಿಡುವ ಪರಾವಲಂಬಿ ಕಣಜಗಳ ಹೆಸರು ಅಲ್ಲಿ ಕಾಣಸಿಗುವುದು ಅಪರೂಪ. ಕಾರಣ ಸರಳವಾಗಿದೆ: ಅವುಗಳ ಹೆಸರು ನಮಗೆ ತಿಳಿಯದು, ತಿಳಿಸಬಲ್ಲವರೂ ಬೆರಳೆಣಿಕೆಯಷ್ಟೇ. ಈ ಕೊರತೆಯನ್ನು ವಿಜ್ಞಾನಿಗಳ ಮನೆಯೊಳಗಿನ ವಿಷಯವೆಂದು ಬಿಟ್ಟುಬಿಡುವುದು ಪರಿಸರ ಚಳವಳಿಗೆ ತಕ್ಕುದಲ್ಲ.

ಇದಕ್ಕೆ ಟ್ರೈಕೋಗ್ರಾಮ ಎಂಬ ಕುಲದ ವೃತ್ತಾಂತವೇ ಸಾಕ್ಷಿ. ಈ ಕಣಜಗಳು ಒಂದು ಮಿಲಿಮೀಟರಿಗಿಂತಲೂ ಚಿಕ್ಕವು. ಮುಖ್ಯವಾಗಿ ಪತಂಗ, ಚಿಟ್ಟೆಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯನ್ನಿಡುತ್ತವೆ. ಕಣಜದ ಮರಿ ಒಳಗಿನ ಸಾರವನ್ನು ತಿಂದು ಬೆಳೆಯುತ್ತದೆ. ನಾಲ್ಕೈದು ದಿನಗಳಲ್ಲಿ ಆ ಮೊಟ್ಟೆ ಕಪ್ಪಾಗುತ್ತದೆ. ಕೊನೆಗೆ ಹುಳುವಿನ ಬದಲು ಕಣಜವೇ ಹೊರಬರುತ್ತದೆ. ಬೆಳೆ ತಿನ್ನುವ ಹುಳು ಹುಟ್ಟುವುದಕ್ಕೆ ಮೊದಲೇ ಅಳಿಯುವುದರಿಂದ ಇವು ರೈತನಿಗೆ ಮಿತ್ರಕೀಟಗಳು. ಅಕ್ಕಿ ಪತಂಗದ ಮೊಟ್ಟೆಗಳಲ್ಲಿ ಇವನ್ನು ಬೆಳೆಸಿ, ಆ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ ಕೊಡುವ 'ಟ್ರೈಕೋಕಾರ್ಡ್' ನಮ್ಮ ಅನೇಕ ರೈತರಿಗೆ ಪರಿಚಿತವೇ ಆಗಿದೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆಗಳಿರುತ್ತವೆ.

ಜಗತ್ತಿನಾದ್ಯಂತ ಈ ಕುಲದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಬರಿಗಣ್ಣಿಗೆ ಅವೆಲ್ಲವೂ ಒಂದೇ ಧೂಳಿನ ಕಣಗಳಂತೆ ಕಂಡರೂ ಸ್ವಭಾವದಲ್ಲಿ ಒಂದೇ ಅಲ್ಲ. ಭತ್ತದ ಕಾಂಡಕೊರಕಕ್ಕೆ ಟ್ರೈಕೋಗ್ರಾಮ ಜಪಾನಿಕಮ್, ಎಲೆ ಸುರುಳಿ ಹುಳುವಿಗೂ ಕಬ್ಬಿನ ಕೊರಕಗಳಿಗೂ ಟ್ರೈಕೋಗ್ರಾಮ ಚಿಲೋನಿಸ್ ಎಂದು ಶಿಫಾರಸು ಮಾಡುವುದು ಈ ಕಾರಣದಿಂದಲೇ. ಒಂದರ ಬದಲು ಇನ್ನೊಂದು ಬಂದರೆ ರೈತನ ಹಣ ಹೋಗುತ್ತದೆ. ಜೊತೆಗೆ 'ಜೈವಿಕ ವಿಧಾನ ಫಲ ಕೊಡುವುದಿಲ್ಲ' ಎಂಬ ಅಪವಾದ ಉಳಿದು, ಆತ ಮರಳಿ ವಿಷದ ಡಬ್ಬಿಯತ್ತ ನಡೆಯುತ್ತಾನೆ.

ಇವುಗಳನ್ನು ಬೇರ್ಪಡಿಸಿ ಗುರುತಿಸುವ ದಾರಿ ಸಿಕ್ಕಿದ್ದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಬಹುಕಾಲದವರೆಗೆ ಮೈಬಣ್ಣ, ಮೀಸೆಯ ರೋಮಗಳ ಉದ್ದ ಮುಂತಾದವುಗಳನ್ನೇ ನೆಚ್ಚಿಕೊಂಡು ಪ್ರಭೇದಗಳನ್ನು ಹೇಳಲಾಗುತ್ತಿತ್ತು. ಆದರೆ ಬಣ್ಣ ಹವೆಯ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ; ಗಾತ್ರ ಆಶ್ರಯ ಕೊಟ್ಟ ಮೊಟ್ಟೆಯನ್ನು ಅವಲಂಬಿಸುತ್ತದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಗಂಡು ಕಣಜದ ಜನನಾಂಗದ ರಚನೆಯೇ ನಂಬಬಹುದಾದ ಗುರುತು ಎಂಬುದನ್ನು ತೋರಿಸಿದರು. 1971ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಕುಲದ ವರ್ಗೀಕರಣದ ದಿಕ್ಕನ್ನೇ ಬದಲಿಸಿತು. ಇಂದಿಗೂ ಜಗತ್ತಿನ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಮೊದಲು ಹುಡುಕುವುದು ಆ ಗುರುತನ್ನೇ.

ಅಷ್ಟಾದರೂ ಹೆಸರಿನ ತೊಡಕು ಒಮ್ಮೆಗೇ ಬಿಡಲಿಲ್ಲ. ಭಾರತದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಕಣಜವನ್ನು ಆಸ್ಟ್ರಾಲಿಕಮ್ ಎಂದು ಕರೆಯಲಾಗುತ್ತಿತ್ತು. ಆ ಹೆಸರು ಬೇರೊಂದು ಪ್ರಭೇದಕ್ಕೆ ಸೇರಿದ್ದೆಂದು ಮನಗಂಡು 1976ರಲ್ಲಿ ಇಟಲಿಯ ವಿಜ್ಞಾನಿ ವಿಜ್ಜಿಯಾನಿ ಅವರು ಅದಕ್ಕೆ ಕನ್‌ಫ್ಯೂಸಮ್ ಎಂಬ ಹೊಸ ಹೆಸರಿಟ್ಟರು. ಗೊಂದಲವೆಂಬ ಅರ್ಥದ ಆ ಹೆಸರು ಸಂದರ್ಭಕ್ಕೆ ಒಪ್ಪುವಂತೆಯೇ ಇತ್ತು! 1979ರಲ್ಲಿ ನಾಗರಕಟ್ಟಿ ಮತ್ತು ನಾಗರಾಜ ಅವರು, 1941ರಲ್ಲಿಯೇ ಜಪಾನಿನ ಇಶೀ ಅವರು ವಿವರಿಸಿದ್ದ ಚಿಲೋನಿಸ್ ಇದೇ ಎಂದು ನಿರ್ಣಯಿಸಿದರು. ಕಾದಿಟ್ಟ ಮಾದರಿಗಳೂ ಅವನ್ನು ಓದಬಲ್ಲ ಕಣ್ಣುಗಳೂ ಇದ್ದುದರಿಂದ ಇಂತಹ ತಿದ್ದುಪಡಿ ಸಾಧ್ಯವಾಯಿತು.

ಹೆಸರು ತಪ್ಪಿದ್ದರ ಬೆಲೆ ಎಷ್ಟೆಂಬುದನ್ನು ಅಫೈಟಿಸ್ ಎಂಬ ಇನ್ನೊಂದು ಕಣಜಕುಲದಿಂದ ಅರಿಯಬಹುದು. ಕ್ಯಾಲಿಫೋರ್ನಿಯದ ಕಿತ್ತಳೆ, ನಿಂಬೆ ತೋಟಗಳನ್ನು ಕಾಡುತ್ತಿದ್ದ ಕೆಂಪು ಶಲ್ಕಕೀಟಕ್ಕೆ ಶತ್ರುವನ್ನು ಹುಡುಕುತ್ತ ಹೋದವರು ಏಷ್ಯದಲ್ಲಿ ಅಫೈಟಿಸ್‌ಗಳನ್ನು ಕಂಡರೂ, ಅವು ತಮ್ಮಲ್ಲಿ ಆಗಲೇ ಇರುವ ಪ್ರಭೇದವೇ ಎಂದು ಬಗೆದು ದಶಕಗಳ ಕಾಲ ಕಡೆಗಣಿಸಿದರು. ಅವು ಬೇರೆಯೆಂದು ತಿಳಿದ ಮೇಲೆ, 1956–57ರಲ್ಲಿ ಭಾರತ ಹಾಗೂ ಪಾಕಿಸ್ತಾನದಿಂದ ಒಯ್ದ ಕಣಜ ಅಲ್ಲಿ ಬಹುಬೇಗ ನೆಲೆಯೂರಿ ಕೀಟವನ್ನು ಹತೋಟಿಗೆ ತಂದಿತು. 1959ರಲ್ಲಿ ಡಿಬಾಕ್ ಅವರು ಅದಕ್ಕೆ ಅಫೈಟಿಸ್ ಮೆಲಿನಸ್ ಎಂದು ಹೆಸರಿಟ್ಟರು.

ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಹಳೆಯ ವರ್ಗೀಕರಣವೇಕೆ ಎಂದು ಕೇಳುವವರಿದ್ದಾರೆ. ಆ ಪರೀಕ್ಷೆ ಉಪಯುಕ್ತವೇ. ಕೆಲವು ಟ್ರೈಕೋಗ್ರಾಮ ಸಂತತಿಗಳಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯದ ದೆಸೆಯಿಂದ ಹೆಣ್ಣುಗಳೇ ಹುಟ್ಟುತ್ತವೆ. ಪ್ರತಿಜೀವಕ ಔಷಧ ಉಣಿಸಿದರೆ ಗಂಡುಗಳು ಮತ್ತೆ ಹುಟ್ಟುತ್ತವೆಂಬುದು 1990ರಲ್ಲಿ ಸಿದ್ಧವಾಯಿತು. ಗಂಡೇ ಇಲ್ಲದಲ್ಲಿ ಗಂಡಿನ ಗುರುತು ಎಲ್ಲಿಂದ ಬರಬೇಕು? ಅಂತಹ ಕಡೆ ಡಿ.ಎನ್.ಎ. ನೆರವಾಗುತ್ತದೆ. ಆದರೆ ಯಂತ್ರ ಕೊಡುವ ಅಕ್ಷರಮಾಲೆಯನ್ನು ಹೋಲಿಸಿ ನೋಡಲು, ಬಲ್ಲವರು ಹೆಸರಿಟ್ಟು ಕಾದಿರಿಸಿದ ಮಾದರಿಯೊಂದು ಮೊದಲು ಇರಬೇಕು. ಅದಿಲ್ಲದಿದ್ದರೆ ಆ ಮಾಲೆ ವಿಳಾಸವಿಲ್ಲದ ಕಾಗದವಷ್ಟೆ.

'ಕಾಡು ಉಳಿದರೆ ಕೀಟವೂ ಉಳಿಯುತ್ತದೆ, ಹೆಸರಿನ ಹಂಗೇಕೆ?' ಎಂಬುದು ನಮ್ಮವರದೇ ಮಾತು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಮಲೆನಾಡಿನಲ್ಲಿ ಗದ್ದೆಯ ಬದುವಿನಾಚೆಗೇ ಕಾಡು. ಟ್ರೈಕೋಗ್ರಾಮದ ಹಲವು ಪ್ರಭೇದಗಳು ಬೆಳೆಯ ಶತ್ರುವಿನ ಮೊಟ್ಟೆಯನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಕಾಡಿನ ಚಿಟ್ಟೆ, ಪತಂಗಗಳ ಮೊಟ್ಟೆಯೂ ಅವಕ್ಕೆ ಆದೀತು. ನಮ್ಮ ಗುಡ್ಡದಲ್ಲಿ ಮೊದಲಿನಿಂದ ಇದ್ದವು ಯಾವುವು, ಕಾರ್ಡಿನೊಡನೆ ಬಂದವು ಯಾವುವು ಎಂದು ಬೇರ್ಪಡಿಸಲಾರದವರು, ಬಂದುದರಿಂದ ಏನಾಯಿತೆಂದು ಹೇಗೆ ಹೇಳಿಯಾರು? 'ಜೈವಿಕ' ಎಂಬ ಮಾತೊಂದೇ ನಿರಪಾಯದ ಮುದ್ರೆಯಾಗಲಾರದು. ವಿಷವನ್ನು ವಿರೋಧಿಸುವ ನಾವು ಈ ಪ್ರಶ್ನೆಯನ್ನೂ ಕೇಳಬೇಕಾಗಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಮಾರಾಟಕ್ಕೆ ಬರುವ ಪ್ರತಿಯೊಂದು ಕಾರ್ಡಿನ ಮೇಲೆ ಪ್ರಭೇದದ ಹೆಸರು, ತಯಾರಾದ ದಿನಾಂಕಗಳಿರಬೇಕು; ಸಾಕುವ ಸಂತತಿಯನ್ನು ಕಾಲಕಾಲಕ್ಕೆ ತಜ್ಞರು ಪರೀಕ್ಷಿಸಬೇಕು. ವಿಶ್ವವಿದ್ಯಾಲಯಗಳಲ್ಲಿ ಕೀಟ ವರ್ಗೀಕರಣದ ಹುದ್ದೆಗಳು ಖಾಲಿ ಬೀಳದಂತೆ ನೋಡಿಕೊಳ್ಳಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಊರೂರಿನಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಮಿತ್ರಕೀಟಗಳಿಗೂ ಒಂದು ಪುಟ ದೊರೆಯಬೇಕು.

ಬೇಡಿಕೆಯೊಂದಿಗೆ ನಾವು ಮಾಡಬಹುದಾದ ಕೆಲಸವೂ ಇದೆ. ಅದಕ್ಕೆ ಪದವಿ ಬೇಕಿಲ್ಲ. ಎಲೆಯ ಮೇಲೆ ಕಪ್ಪಾದ ಮೊಟ್ಟೆ ಕಂಡರೆ ಎಲೆಯ ಚೂರಿನೊಡನೆ ಚಿಕ್ಕ ಗಾಜಿನ ನಳಿಕೆಗೆ ಹಾಕಿ ಹತ್ತಿಯಿಂದ ಬಾಯಿ ಮುಚ್ಚಬೇಕು. ಗಿಡ, ಸ್ಥಳ, ದಿನಾಂಕಗಳನ್ನು ಪೆನ್ಸಿಲಿನಲ್ಲಿ ಬರೆದು ಜೊತೆಗಿಡಬೇಕು. ಹೊರಬಂದ ಕಣಜಗಳನ್ನು ಆಲ್ಕೋಹಾಲಿನಲ್ಲಿ ಕಾದಿರಿಸಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂತಹ ಸಂಸ್ಥೆಯ ತಜ್ಞರನ್ನು ಮೊದಲೇ ವಿಚಾರಿಸಿ ಕಳುಹಿಸಬೇಕು. ಎಲ್ಲಿ, ಯಾವಾಗ, ಯಾವ ಗಿಡದ ಮೇಲೆ ಎಂಬ ಮೂರು ಸಂಗತಿಗಳಿಲ್ಲದ ಮಾದರಿಗೆ ಬೆಲೆಯಿಲ್ಲ. ಅವಿದ್ದರೆ ಹಳ್ಳಿಯ ಶಾಲೆಯ ಮಕ್ಕಳು ಹಿಡಿದಿಟ್ಟ ಕಣಜವೂ ನೂರು ವರ್ಷದ ತರುವಾಯ ಸಾಕ್ಷಿ ನುಡಿದೀತು. ಈ ಮಳೆಗಾಲದ ಗದ್ದೆಕೆಲಸದ ನಡುವೆ ನಮ್ಮ ಪ್ರತಿಯೊಂದು ಊರಿನ ಬಳಗವೂ ಹತ್ತು ನಳಿಕೆಗಳನ್ನಾದರೂ ತುಂಬಿಸಲಿ.