‘ಬೋರ್ಡ್ ಹೋಗಿದೆ’ ಎಂಬ ಮಂತ್ರಕ್ಕೆ ಮರುಳಾಗಬೇಡಿ!



ಮನೆಯ ಕಂಪ್ಯೂಟರ್ ಇವತ್ತು ಬಟನ್ ಒತ್ತಿದ ಕೂಡಲೇ ಎದ್ದು ಕೂರುತ್ತದೆ. ನಾಳೆ ಎಷ್ಟು ಒತ್ತಿದರೂ ಮಿಸುಕಾಡುವುದಿಲ್ಲ. ಹತ್ತು ಸಲ ಒತ್ತಿ, ಬೈದು, ತಟ್ಟಿ, ಸುಸ್ತಾಗಿ ಕೈಬಿಡುವ ಹೊತ್ತಿಗೆ ಹನ್ನೊಂದನೇ ಸಲ ಏನೂ ಆಗಿಯೇ ಇಲ್ಲವೆಂಬಂತೆ ಆನ್ ಆಗುತ್ತದೆ. ಈ ಕಾಟಕ್ಕೆ ರಿಪೇರಿ ಅಂಗಡಿಯ ಗಾಜಿನ ಕೌಂಟರಿನ ಹಿಂದಿನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಬೋರ್ಡ್ ಹೋಗಿದೆ ಸಾರ್. ಹೊಸದು ಹಾಕ್ಬೇಕು. ಇಲ್ಲಾಂದ್ರೆ ಸಿಸ್ಟಮ್ಮೇ ಚೇಂಜ್ ಮಾಡ್ಬಿಡಿ.”

ಬೋರ್ಡ್ ಹೋಗಿದೆಯಂತೆ! ಎಲ್ಲಿಗೆ ಹೋಯಿತು ಸ್ವಾಮಿ? ಮೀಟರ್ ಇಟ್ಟು ನೋಡಿದಿರಾ? ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷೆ ಮಾಡಿದಿರಾ? ಹೀಗೆ ಕೇಳಿದರೆ ನಾಲ್ಕು ಇಂಗ್ಲಿಷ್ ಮಾತು ಎರಚುತ್ತಾರೆ. ಅರ್ಥವಾಗದಿದ್ದರೂ ನಾವು ತಲೆಯಾಡಿಸುತ್ತೇವೆ. ಕೇಳಿದರೆ ದಡ್ಡರಾಗುತ್ತೇವೆಂಬ ಭಯ! ಆ ಭಯವೇ ಅವರ ಬಂಡವಾಳ. ನಿಯತ್ತಿನಿಂದ ಬೆಸುಗೆ ಹಿಡಿದು ಕೆಲಸ ಮಾಡುವ ಹುಡುಗರು ಊರೂರಲ್ಲಿ ಇದ್ದಾರೆ, ಅವರಿಗೆ ನಮಸ್ಕಾರ. ನನ್ನ ತಕರಾರು ಅವರ ಮೇಲಲ್ಲ. ಪರೀಕ್ಷೆಯೇ ಮಾಡದೆ ತೀರ್ಪು ಕೊಟ್ಟು ಬಿಲ್ಲು ಬರೆಯುವವರ ಮೇಲೆ.

ನಾನು ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ನಮ್ಮಪ್ಪನ ಕಾಲದ ಟ್ರೆಡಲ್ ಮಷೀನು ಕೆಟ್ಟರೆ ಮೆಕ್ಯಾನಿಕ್ ಬಂದು ಯಾವ ಸ್ಪ್ರಿಂಗು ಸಡಿಲ, ಯಾವ ರೋಲರು ಸವೆದಿದೆ ಎಂದು ಕನ್ನಡದಲ್ಲಿ ತೋರಿಸಿ ಹೇಳುತ್ತಿದ್ದ. ಮೊಳೆ ಜೋಡಿಸುವ ಹುಡುಗನಿಗೂ ಅರ್ಥವಾಗುತ್ತಿತ್ತು. ಈಗಿನ ಯಂತ್ರದ ವಿಷಯವೂ ಅಷ್ಟೇ ಸರಳವಾಗಿ ಹೇಳಬಹುದು. ಹೇಳುವ ಮನಸ್ಸು ಬೇಕು.

ಬಟನ್ ಬರೀ ಕರೆಗಂಟೆ!

ಫ್ಯಾನಿನ ಸ್ವಿಚ್ಚು ಒತ್ತಿದರೆ ಕರೆಂಟು ನೇರವಾಗಿ ಹರಿಯುತ್ತದೆ. ಕಂಪ್ಯೂಟರಿನ ಬಟನ್ ಹಾಗಲ್ಲ, ಅದು ಬಾಗಿಲಿನ ಕರೆಗಂಟೆ ಇದ್ದಂತೆ. ಒತ್ತಿದರೆ ಒಳಗಿನವರಿಗೆ ಸುದ್ದಿ ಮುಟ್ಟುತ್ತದೆ, ಅಷ್ಟೇ. ಬಾಗಿಲು ತೆಗೆಯುವವರು ಬೇರೆ.

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾದರಿ ತಂದಿತು. ನಮ್ಮ ಮನೆಗಳ ಡೆಸ್ಕ್‌ಟಾಪ್‌ಗಳಲ್ಲಿ ಇವತ್ತಿಗೂ ಸಾಮಾನ್ಯವಾಗಿ ಇರುವುದು ಅದೇ ಪದ್ಧತಿ. ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಈ ಡಬ್ಬಿ ನೇರಳೆ ಬಣ್ಣದ ತಂತಿಯಲ್ಲಿ 5 ವೋಲ್ಟ್ ಕಳಿಸುತ್ತಲೇ ಇರುತ್ತದೆ. ಈ ಕಾವಲು ಕರೆಂಟಿನಿಂದಲೇ ಬೋರ್ಡು ಅರೆನಿದ್ದೆಯಲ್ಲಿ ಕಾದಿರುತ್ತದೆ. ನೀವು ಬಟನ್ ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ ಪೂರ್ತಿ ಏಳುತ್ತದೆ. ವೋಲ್ಟೇಜ್ ಎಲ್ಲ ಸರಿಯಾಗಿ ನಿಂತ ಮೇಲೆ ಬೂದು ತಂತಿಯಲ್ಲಿ ‘ಎಲ್ಲ ಸರಿ’ ಎಂಬ ಸೂಚನೆ ಕೊಡುತ್ತದೆ. ಆಮೇಲಷ್ಟೇ ಯಂತ್ರದ ಕೆಲಸ ಶುರು.

ಅಂದರೆ ಬಟನ್, ಬೋರ್ಡು, ಎಸ್‌ಎಂಪಿಎಸ್ ಎಂದು ಮೂವರು ಪಾಲುದಾರರು. ಅವರ ಹಿಂದೆ ಪವರ್ ಕಾರ್ಡು, ಎಕ್ಸ್‌ಟೆನ್ಷನ್ ಬಾಕ್ಸು, ಯುಪಿಎಸ್ಸು, ಗೋಡೆಯ ಸಾಕೆಟ್ಟು. ಇಷ್ಟು ಜನರಲ್ಲಿ ಯಾರೊಬ್ಬರು ಕೈಕೊಟ್ಟರೂ ಹೊರಗೆ ಕಾಣುವುದು ಒಂದೇ, ಸದ್ದಿಲ್ಲದ ಪೆಟ್ಟಿಗೆ. ಹಾಗಿದ್ದ ಮೇಲೆ ಉಳಿದವರ ವಿಚಾರಣೆಯನ್ನೇ ಮಾಡದೆ ಬೋರ್ಡಿಗೆ ಗಲ್ಲು ಶಿಕ್ಷೆ ಕೊಡುವುದು ಯಾವ ನ್ಯಾಯ? ಇದ್ದವರಲ್ಲಿ ದುಬಾರಿ ಬೋರ್ಡೇ ಎಂಬ ಕಾರಣಕ್ಕೋ?

ಯಾವಾಗ ಹಠ ಮಾಡುತ್ತದೆ? ಬರೆದಿಡಿ!

ಆಗೊಮ್ಮೆ ಈಗೊಮ್ಮೆ ಬರುವ ದೋಷದ ಕಷ್ಟ ಏನೆಂದರೆ, ಮನೆಯಲ್ಲಿ ಸತ್ತಂತಿದ್ದ ಯಂತ್ರ ಅಂಗಡಿಯ ಮೇಜಿನ ಮೇಲೆ ಒಂದೇ ಒತ್ತಿಗೆ ಏಳುತ್ತದೆ. ಆದ್ದರಿಂದ ಮೊದಲ ಸಾಕ್ಷಿ ನೀವೇ. ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆಯಿರಿ: ಎಷ್ಟು ಗಂಟೆಗೆ ಹಠ ಮಾಡಿತು, ಯಂತ್ರ ತಣ್ಣಗಿತ್ತೋ ಬಿಸಿಯಾಗಿತ್ತೋ, ಏನು ಮಾಡಿದಾಗ ಎದ್ದಿತು.

ಬೆಳಿಗ್ಗೆ ತಣ್ಣಗಿದ್ದಾಗ ಹಠ ಮಾಡಿ, ಒಮ್ಮೆ ಎದ್ದರೆ ದಿನವಿಡೀ ಸರಿಯಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರೊಳಗಿನ ಕೆಪಾಸಿಟರ್‌ಗಳಲ್ಲಿರುವ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತದೆ. ಒಣಗಿದ ಕೆಪಾಸಿಟರ್ ತಣ್ಣಗಿರುವಾಗ ಮೈಗಳ್ಳ, ಬಿಸಿಯಾದರೆ ಹೇಗೋ ದುಡಿಯುತ್ತದೆ. ಕಾರ್ಡು ಅಲುಗಾಡಿಸಿದಾಗ ಎದ್ದರೆ ದೋಷ ಕಾರ್ಡಿನಲ್ಲೋ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೋ ಇದೆ. ಸಂಜೆ ದೀಪ ಮಂಕಾಗುವ ಹೊತ್ತಿನಲ್ಲಿ ಮಾತ್ರ ಹಠವಾದರೆ ಊರಿನ ವೋಲ್ಟೇಜ್ ನೋಡಿ. ಬಟನ್ ಒಂದು ಮೂಲೆ ಒತ್ತಿದರೆ ಮಾತ್ರ ಕೆಲಸ ಮಾಡಿದರೆ ಬಟನ್ನೇ ಸವೆದಿದೆ. ಫ್ಯಾನು ಒಂದು ಸುತ್ತು ತಿರುಗಿ ನಿಂತರೆ ಒಳಗೆಲ್ಲೋ ಶಾರ್ಟ್ ಇರಬಹುದು, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತಿದೆ. ಇನ್ನು ಫ್ಯಾನು ಚೆನ್ನಾಗಿ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಅದು ಬೇರೆಯೇ ಕಾಯಿಲೆ. ರ‍್ಯಾಮ್, ಮಾನಿಟರ್, ಅದರ ಕೇಬಲ್ ಮೊದಲು ನೋಡಬೇಕು.

ಬಾಕ್ಸ್ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳೂ ಇವೆ. ಎಕ್ಸ್‌ಟೆನ್ಷನ್, ಯುಪಿಎಸ್ ಎಲ್ಲ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಕಾರ್ಡು ಬದಲಿಸಿ ನೋಡಿ. ಪ್ಲಗ್ ಕಿತ್ತು, ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿ ಮಾಡಿ, ಮತ್ತೆ ಹಾಕಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ನಿಮ್ಮ ಅರ್ಥಿಂಗ್ ಸರಿಯಿಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಯಿರಿ. ಮೂರನೇ ಪಿನ್ ಮುರಿದು ಹಾಕುವ ಚಾಳಿ ಬಿಡಿ. ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ! ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಕೂತಿರಬಹುದು.

ಮೇಷ್ಟ್ರ ಕಂಪ್ಯೂಟರ್ ಕಥೆ

ಕಳೆದ ವರ್ಷ ನಮ್ಮ ಪ್ರೆಸ್ಸಿಗೆ ಗೃಹಪ್ರವೇಶದ ಕಾರ್ಡು ಮಾಡಿಸಲು ಬಂದ ನಿವೃತ್ತ ಮೇಷ್ಟ್ರೊಬ್ಬರಿಗೆ ಇದೇ ಗೋಳು. ಅಂಗಡಿಯವನು ಬೋರ್ಡಿಗೆ 8,500 ರೂಪಾಯಿ ಹೇಳಿದ್ದ. ಅವರಿಂದ ಆರು ದಿನ ಬರೆಸಿದೆ. ಆರೂ ದಿನ ಬೆಳಿಗ್ಗೆಯೇ ಹಠ, ಮಧ್ಯಾಹ್ನ ಒಮ್ಮೆಯೂ ಇಲ್ಲ! ನಮ್ಮ ಪ್ರೆಸ್ಸಿನ ಯಂತ್ರಗಳನ್ನು ನೋಡಿಕೊಳ್ಳುವ ಹುಡುಗ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ನೇರಳೆ ತಂತಿಗೆ ಮೀಟರ್ ಇಟ್ಟ. ಎಟಿಎಕ್ಸ್ ಲೆಕ್ಕದಲ್ಲಿ ಅಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಇದ್ದದ್ದು 4.2. ಬೇರೆ ಎಸ್‌ಎಂಪಿಎಸ್ ಹಾಕಿದ ಕೂಡಲೇ ಯಂತ್ರ ಎದ್ದಿತು. ಖರ್ಚು 1,100 ರೂಪಾಯಿ. ‘ಹೋಗಿದ್ದ’ ಬೋರ್ಡು ಇವತ್ತಿಗೂ ಅದೇ ಪೆಟ್ಟಿಗೆಯಲ್ಲಿ ದುಡಿಯುತ್ತಿದೆ. ಮೇಷ್ಟ್ರು ಆ ಅಂಗಡಿಯವನ ಮಾತು ನಂಬಿದ್ದರೆ ಏನಾಗುತ್ತಿತ್ತು? ಹೊಸ ಬೋರ್ಡಿಗೆ ಅದೇ ಹಳೇ ಎಸ್‌ಎಂಪಿಎಸ್ ಸಿಕ್ಕಿಸಿ, ಮುಂದಿನ ವಾರ ಅದೇ ಹಠ, ಮತ್ತೊಂದು ಬಿಲ್ಲು!

ಬೋರ್ಡು ಕೆಡುವುದೇ ಇಲ್ಲವೇ? ಖಂಡಿತ ಕೆಡುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಊದಿ, ಸೋರಿ, ಜಗತ್ತಿನಾದ್ಯಂತ ರಾಶಿ ರಾಶಿ ಬೋರ್ಡುಗಳು ಸತ್ತವು. ಡೆಲ್ ಕಂಪನಿ 2005ರಲ್ಲಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳನ್ನು ಸರಿಪಡಿಸಲು ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆದರೆ ಊದಿದ ಕೆಪಾಸಿಟರ್ ಕಣ್ಣಿಗೆ ಕಾಣುತ್ತದೆ. ಬೋರ್ಡ್ ಹೋಗಿದ್ದರೆ ತೋರಿಸಲಿ! ತೋರಿಸದೆ ಹೇಳಿದ್ದನ್ನು ನಂಬಲು ನಾವೇನು ಕಿವಿಗೆ ಹೂವು ಇಟ್ಟುಕೊಂಡಿದ್ದೇವೆಯೇ?

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗಲೂ ಟೋಪಿ ಬೀಳದಂತೆ ನೋಡಿಕೊಳ್ಳಿ. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ಕೆಳಗಿನ ಸಣ್ಣ ಅಕ್ಷರದ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನಲ್ಲಿ 14 ಆಂಪಿಯರ್ ಎಂದಿದೆ ಎನ್ನಿ. 12ನ್ನು 14ರಿಂದ ಗುಣಿಸಿ: 168 ವ್ಯಾಟ್! ಈಗಿನ ಯಂತ್ರಗಳು ಹೆಚ್ಚಾಗಿ ಉಣ್ಣುವುದು ಆ ಸಾಲಿನಿಂದಲೇ. ದಪ್ಪ ಅಕ್ಷರ ಮಾರುವುದಕ್ಕೆ, ಸಣ್ಣ ಅಕ್ಷರ ತಪ್ಪಿಸಿಕೊಳ್ಳುವುದಕ್ಕೆ. ಅಕ್ಷರ ಅಚ್ಚು ಹಾಕಿಯೇ ಹೊಟ್ಟೆ ಹೊರೆಯುವ ನನಗೆ ಈ ಆಟ ಚೆನ್ನಾಗಿ ಗೊತ್ತು.

ಕನ್ನಡಿಗನಿಗೆ ಯಾಕೆ ಕತ್ತಲು?

ಇಷ್ಟು ವಿಷಯವನ್ನು ಎರಡು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಪೆಟ್ಟಿಗೆಯೊಳಗೆ ಇಡಲು ಕಂಪನಿಗಳಿಗೆ ಏನು ರೋಗ? ಪೆಟ್ಟಿಗೆ ಬಿಚ್ಚಿದರೆ ದೇಶ ದೇಶದ ಭಾಷೆಗಳ ಕೈಪಿಡಿ ಸಿಗುತ್ತದೆ, ಕೋಟಿಗಟ್ಟಲೆ ಜನರಾಡುವ ಕನ್ನಡ ಸಿಗುವುದಿಲ್ಲ. ನಮ್ಮ ದುಡ್ಡು ಕನ್ನಡದ್ದಾದರೂ ನಡೆಯುತ್ತದೆ, ನಮ್ಮ ಮಾತು ನಡೆಯುವುದಿಲ್ಲ!

ಕಾನೂನಾದರೂ ನಮ್ಮ ಕಡೆ ಇದೆಯೇ? 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳನ್ನು ತೆಗೆದು ನೋಡಿ. ಪೊಟ್ಟಣದ ಮೇಲಿನ ಕಡ್ಡಾಯ ವಿವರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತದೆ 9ನೇ ನಿಯಮ. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಅಂದರೆ ಕನ್ನಡ ಕಂಪನಿಯ ದಯೆಗೆ ಬಿಟ್ಟ ವಿಷಯ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದರ ಪೋರ್ಟಲ್ಲೂ ಉದ್ಘಾಟನೆಯಾಯಿತು. ಕೈಪಿಡಿ, ಬಿಡಿಭಾಗ, ರಿಪೇರಿ ಮಾಹಿತಿ ಗ್ರಾಹಕರಿಗೆ ಸಿಗಬೇಕು ಎಂಬುದೇ ಅದರ ಉದ್ದೇಶ. ಬಹಳ ಒಳ್ಳೆಯದು. ಆದರೆ ಓದಲಾಗದ ಭಾಷೆಯಲ್ಲಿ ಸಿಕ್ಕ ಮಾಹಿತಿ ಸಿಕ್ಕಂತೆಯೋ, ಸಿಗದಂತೆಯೋ?

ಆದ್ದರಿಂದ ನಮ್ಮ ಹಕ್ಕೊತ್ತಾಯ ಇಷ್ಟು:

1. ಇಲ್ಲಿ ಮಾರುವ ಪ್ರತಿ ಕಂಪ್ಯೂಟರ್, ಎಸ್‌ಎಂಪಿಎಸ್, ಯುಪಿಎಸ್ ಜೊತೆ ಬಳಕೆಯ, ಸುರಕ್ಷತೆಯ ಮತ್ತು ದೋಷ ಪತ್ತೆಯ ವಿವರ ಕನ್ನಡದಲ್ಲಿ ಕಡ್ಡಾಯವಾಗಿ ಇರಲಿ. 9ನೇ ನಿಯಮ ತಿದ್ದುಪಡಿಯಾಗಲಿ.

2. ರಿಪೇರಿ ಅಂಗಡಿಯವರು ಯಾವ ಪರೀಕ್ಷೆ ಮಾಡಿದರು, ಮೀಟರ್ ಎಷ್ಟು ತೋರಿಸಿತು, ಯಾವ ಭಾಗ ಕೆಟ್ಟಿದೆ ಎಂದು ಬಿಲ್ಲಿನಲ್ಲಿ ಬರೆದು ಕೊಡಲಿ. ತೆಗೆದ ಹಳೇ ಭಾಗ ಗ್ರಾಹಕನ ಕೈಗೆ ಬರಲಿ.

3. ಐಟಿಐಗಳಲ್ಲಿ ಕಂಪ್ಯೂಟರ್ ರಿಪೇರಿಯ ಪಾಠ, ಪುಸ್ತಕ ಒಳ್ಳೆಯ ಕನ್ನಡದಲ್ಲಿ ಬರಲಿ.

ಸರ್ಕಾರ ಏಳುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಂಗಡಿಯವನ ಮುಂದೆ ನಿಂತು ಹೇಳಿ: “ನಾನು ನೋಡುತ್ತಿರುವಾಗಲೇ ಬೇರೆ ಎಸ್‌ಎಂಪಿಎಸ್ ಹಾಕಿ ತೋರಿಸಿ. ನೇರಳೆ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಹೇಳಿ. ಬಟನ್ನಿನ ಎರಡು ಪಿನ್ ಮುಟ್ಟಿಸಿದರೆ ಏಳುತ್ತದೋ ನೋಡಿ.” ಕೆಲಸ ಬಲ್ಲವನು ಸಂತೋಷದಿಂದ ತೋರಿಸುತ್ತಾನೆ. ರೇಗಿದರೆ ಯಂತ್ರ ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆ ನೀವೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ದುಡ್ಡು ಕೊಡುವವನು ಪ್ರಶ್ನೆ ಕೇಳಲು ನಾಚಬೇಕಿಲ್ಲ. ಉತ್ತರ ಗೊತ್ತಿಲ್ಲದವನು ನಾಚಲಿ. ಕೇಳಿ, ಜೋರಾಗಿ ಕೇಳಿ, ಕನ್ನಡದಲ್ಲೇ ಕೇಳಿ!