ತಂತಿಯೊಳಗಿನ ದಾಯಾದಿಗಳು



ನಮ್ಮ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಈಗ ಕಡಲೆಕಾಯಿಯ ಸಾಲುಗಳಿಲ್ಲ. ಸೂರ್ಯನಿಗೆ ಮುಖವೊಡ್ಡಿದ ಗಾಜಿನ ಹಲಗೆಗಳ ಸಾಲುಗಳಿರುವುವು. 2018ರಲ್ಲಿ ಆರಂಭವಾದ ಈ ಸೌರ ವಿದ್ಯುತ್ ಸ್ಥಾವರದ ಸಾಮರ್ಥ್ಯವು 2,050 ಮೆಗಾವ್ಯಾಟ್. ನೆಲದೊಡೆಯರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತಾಯಿತು. ಅದೇ ನೆಲದಲ್ಲಿ ಕೂಲಿಮಾಡಿ ಬದುಕುತ್ತಿದ್ದವರಿಗೆ ಅದೂ ಇಲ್ಲ. ಹೀಗಿರಲು, ಹೊಲ ಕೊಟ್ಟ ರೈತರೊಬ್ಬರು ಮೊನ್ನೆ ನಮ್ಮ ಜಗುಲಿಯಲ್ಲಿ ಕುಳಿತು, "ಮೇಷ್ಟರೆ, ನಮ್ಮ ಹೊಲದಲ್ಲಿ ಹುಟ್ಟಿದ ಕರೆಂಟು ದೂರದ ಪಟ್ಟಣ ಸೇರುವ ಹೊತ್ತಿಗೆ ಅಷ್ಟೂ ಇರುತ್ತದೆಯೆ?" ಎಂದು ಕೇಳಿದರು.

ಇರುವುದಿಲ್ಲ. ತಂತಿಯಲ್ಲಿ ಸಾಗುವ ಎಲೆಕ್ಟ್ರಾನುಗಳು ಲೋಹದ ಕಂಪಿಸುವ ಪರಮಾಣುಗಳಿಗೆ ತಾಕಲಾಡಿ, ತಮ್ಮ ಶಕ್ತಿಯಲ್ಲಿ ಒಂದಂಶವನ್ನು ಬಿಸಿಯಾಗಿ ಕಳೆದುಕೊಳ್ಳುವುವು. ಈ ಸುಂಕವನ್ನು ತೆರದ ಪದಾರ್ಥಗಳೂ ಉಂಟು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಆನ್ನೆಸ್ ಎಂಬ ವಿಜ್ಞಾನಿಯು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣಿಸಲು, ಅದರಲ್ಲಿ ವಿದ್ಯುತ್ತಿಗಿದ್ದ ತಡೆಯೇ ಮಾಯವಾಯಿತು. ಇದೇ ಅತಿವಾಹಕತೆ. ಅಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡಿ ನಿರಾತಂಕವಾಗಿ ಸಾಗುವುವು. 1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯೂಲರ್ ಎಂಬವರು ತಾಮ್ರದ ಆಕ್ಸೈಡೊಂದರಲ್ಲಿ ಈ ಗುಣವನ್ನು ಕಂಡರು. ಮರುವರ್ಷವೇ ಯಿಟ್ರಿಯಮ್, ಬೇರಿಯಮ್, ತಾಮ್ರಗಳು ಕೂಡಿದ ಆಕ್ಸೈಡು ಸೊನ್ನೆಗಿಂತ 180 ಡಿಗ್ರಿ ಕೆಳಗೇ ಅತಿವಾಹಕವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರೂ ಸಂಗಡಿಗರೂ ಅದೇ 1987ರಲ್ಲಿ ಇದನ್ನು ಸಿದ್ಧಪಡಿಸಿ ಪರೀಕ್ಷಿಸಿದರು. ಹಳೆಯ ಸಿದ್ಧಾಂತಕ್ಕೆ ಒಗ್ಗದುದರಿಂದ ಇಂಥವಕ್ಕೆ ಅಸಾಂಪ್ರದಾಯಿಕ ಅತಿವಾಹಕಗಳೆಂದು ಹೆಸರು.

ಇವುಗಳೊಳಗೆ ಇನ್ನೊಂದು ವ್ಯವಸ್ಥೆಯೂ ಅಡಗಿರುವುದು: ಆವೇಶ ಸಾಂದ್ರತೆಯ ಅಲೆ. ಆವೇಶವೆಂದರೆ ಇಲ್ಲಿ ಮೈಮೇಲೆ ಬರುವ ದೇವರಲ್ಲ. ಎಲೆಕ್ಟ್ರಾನು ಹೊತ್ತಿರುವ ವಿದ್ಯುದಂಶ. ಸಂತರ್ಪಣೆಯ ಮನೆಯನ್ನು ನೆನೆಯಿರಿ. ಜನರು ಪಂಕ್ತಿಯಾಗಿ ಕುಳಿತರೆ ಒಂದೆಡೆ ದಟ್ಟಣೆ, ಬಡಿಸುವವರು ನಡೆಯುವಲ್ಲಿ ತೆರವು. ಮತ್ತೆ ದಟ್ಟಣೆ, ಮತ್ತೆ ತೆರವು. ಎಲೆಕ್ಟ್ರಾನುಗಳೂ ಮೂರು ನಾಲ್ಕು ಪರಮಾಣುಗಳಿಗೊಮ್ಮೆ ಹೀಗೆ ದಟ್ಟವಾಗಿಯೂ ವಿರಳವಾಗಿಯೂ ನೆಲೆಗೊಳ್ಳುವುವು. ಪಂಕ್ತಿಯಲ್ಲಿ ಕುಳಿತವರು ಮೆರವಣಿಗೆಯಲ್ಲಿ ನಡೆಯಲಾರರಷ್ಟೆ?

1995ರಲ್ಲಿ ಅಮೆರಿಕೆಯ ಟ್ರಾಂಕ್ವಾಡಾ ಮತ್ತು ಅವರ ಸಂಗಡಿಗರು ಲ್ಯಾಂಥನಮ್ಮಿನ ತಾಮ್ರಾಕ್ಸೈಡಿನಲ್ಲಿ ಇಂತಹ ಪಟ್ಟೆಗಳನ್ನು ತೋರಿಸಿದರು. ಪಟ್ಟೆಗಳು ಗಟ್ಟಿಗೊಂಡಲ್ಲಿ ಅತಿವಾಹಕತೆ ಕುಗ್ಗಿತ್ತು. 2012ರಲ್ಲಿ ಯಿಟ್ರಿಯಮ್ ಆಕ್ಸೈಡನ್ನು ಕ್ಷ-ಕಿರಣದಿಂದ ನೋಡಿದಾಗ ಮತ್ತೊಂದು ಸಂಗತಿ ತಿಳಿಯಿತು. ತಣಿಸುತ್ತ ಹೋದಂತೆ ಅಲೆಯು ಬಲಿಯುವುದು. ಅತಿವಾಹಕತೆ ತಲೆದೋರಿದೊಡನೆ ಕ್ಷೀಣಿಸುವುದು. ಬಲವಾದ ಕಾಂತಕ್ಷೇತ್ರದಿಂದ ಅತಿವಾಹಕತೆಯನ್ನು ಕುಂದಿಸಿದರೆ ಅಲೆಯು ಮತ್ತೆ ಬಲಗೊಳ್ಳುವುದು.

ಇವೆರಡನ್ನೂ ಬರಿಯ ಶತ್ರುಗಳೆನ್ನಲಾಗದು. ದಾಯಾದಿಗಳೆಂಬ ಮಾತೇ ಸರಿ. ಒಂದೇ ಎಲೆಕ್ಟ್ರಾನುಗಳ ಆಸ್ತಿಗಾಗಿ ಇಬ್ಬರ ವ್ಯಾಜ್ಯ. ಇಬ್ಬರೂ ಒಂದೇ ಮೂಲದಿಂದ ಹುಟ್ಟಿದವರೋ, ಅಲೆಯ ತುಯ್ದಾಟವೇ ಜೋಡಿಗೂಡಲು ಕೆಲಮಟ್ಟಿಗೆ ನೆರವಾಗುವುದೋ ಎಂಬುದು ಪಂಡಿತರಲ್ಲಿ ಇನ್ನೂ ತೀರದ ವಿವಾದ. ಅದು ತೀರಿದರೆ, ಹೆಚ್ಚು ಉಷ್ಣದಲ್ಲಿಯೂ ಕೆಲಸಮಾಡುವ ಅತಿವಾಹಕವನ್ನು ಎಲ್ಲಿ ಹುಡುಕಬೇಕೆಂಬುದು ಸ್ವಲ್ಪ ಸ್ಪಷ್ಟವಾದೀತು.

ಇಷ್ಟನ್ನೂ ಕೇಳಿದ ರೈತರು, "ಹಾಗಾದರೆ ಅಂಥ ತಂತಿ ನಮ್ಮೂರಿಗೆ ಯಾವಾಗ ಬರುತ್ತದೆ?" ಎಂದರು. ನಮ್ಮ ಪಾವಗಡದ ಬಿಸಿಲಿನಲ್ಲಿ ತಂಪಿನ ಹಂಗಿಲ್ಲದೆ ನಡೆಯುವ ಅತಿವಾಹಕ ತಂತಿ ಇಂದಿಗೂ ಇಲ್ಲ. 2023ರಲ್ಲಿ ಕೊರಿಯದಿಂದ ಅಂತಹುದೊಂದು ಸುದ್ದಿ ಬಂದಿತ್ತು, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದಕಾರಣ ನಾನು ಅವರಿಗೆ ವರ್ಷವನ್ನು ಹೇಳಲಿಲ್ಲ. ಹೊಲವನ್ನೇ ಕೊಟ್ಟವರಿಗೆ ಹುಸಿ ಭರವಸೆಯನ್ನು ಕೊಡುವುದು ಹೇಗೆ?