ಒಂದು ಹಿಡಿ ಗೋಧಿ, 21 ದಿನ: ಮನೆ ವೈನ್ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಡಿಸೆಂಬರ್ ಹತ್ತಿರ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನೆ ವೈನ್ ರೆಸಿಪಿ ಓಡಾಡತೊಡಗುತ್ತದೆ. 1 ಕೆಜಿ ಕಪ್ಪು ದ್ರಾಕ್ಷಿ, 1 ಕೆಜಿ ಸಕ್ಕರೆ, 1 ಲೀಟರ್ ನೀರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಜಾಡಿಗೆ ಹಾಕಿ 21 ದಿನ ಇಟ್ಟರೆ ಆಯಿತಂತೆ. ಈಗ ಇದಕ್ಕೆಂದೇ ಕಿಟ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ: ಯೀಸ್ಟ್ ಪೊಟ್ಟಣ, ಏರ್‌ಲಾಕ್, ಹೈಡ್ರೋಮೀಟರ್. ಕಿಟ್ ತಂದವರೂ ಅದರೊಳಗಿನ ಚೀಟಿ ಓದುವುದು ಬಿಟ್ಟು ಫಾರ್ವರ್ಡನ್ನೇ ನಂಬುವುದುಂಟು.

ಮೊದಲು ಕಾನೂನಿನ ಮಾತು. 'ಮನೆ ಮಟ್ಟಿಗೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ' ಎಂಬ ಸಾಲು ಹಲವು ಸಂದೇಶಗಳಲ್ಲಿರುತ್ತದೆ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕಿಟ್‌ನ ಬಿಲ್ಲು ಪರವಾನಗಿಯಲ್ಲ. ಅನುಮಾನವಿದ್ದರೆ ಅಬಕಾರಿ ಕಚೇರಿಯಲ್ಲಿ ಕೇಳಿ, ಗ್ರೂಪ್ ಅಡ್ಮಿನ್‌ನನ್ನಲ್ಲ.

21 ದಿನದ ಲೆಕ್ಕ ಎಲ್ಲಿಂದ ಬಂತು?

ಯೀಸ್ಟ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಿಸಿ ಮತ್ತು ತಂಪು. ಇದು ನಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಬೇಸಿಗೆಯ ಅರಸೀಕೆರೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಹುಳಿಯಾಗಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಬೇಲೂರಿನಲ್ಲೋ ಹಳೇಬೀಡಿನಲ್ಲೋ ಅದೇ ಹಿಟ್ಟು ಅಲ್ಲಾಡುವುದೇ ಇಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಲ್ಪರ್‌ನಿಂದ ಬಂದ ಅರೇಬಿಕಾ ಬೀಜದ ಲೋಳೆ ಬಿಡಿಸಲು ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಹುದುಗಿಸುತ್ತಾರೆ, ಚಳಿಯಿದ್ದರೆ ಇನ್ನಷ್ಟು ಹೊತ್ತು. ಗಡಿಯಾರ ನೋಡಿ ತೊಳೆಯುವುದಿಲ್ಲ. ಬೀಜವನ್ನು ಕೈಯಲ್ಲಿ ಉಜ್ಜಿ, ಜಾರದೆ ಗರಗರ ಎಂದಾಗ ತೊಳೆಯುತ್ತಾರೆ.

ವೈನ್ ಯೀಸ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಹಿತ. ಅದಕ್ಕಿಂತ ಬಹಳ ತಂಪಾದರೆ ಮಲಗಿಬಿಡುತ್ತದೆ, 30 ದಾಟಿ ಏರಿದರೆ ಬಳಲಿ ಕೆಟ್ಟ ವಾಸನೆ ಬಿಡುತ್ತದೆ. ಹಾಗಾಗಿ ಒಂದೇ ಕಿಟ್ ಒಂದು ಮನೆಯಲ್ಲಿ ಎರಡು ವಾರಕ್ಕೆ ಮುಗಿಯಬಹುದು, ಇನ್ನೊಂದರಲ್ಲಿ ತಿಂಗಳಾದರೂ ಮುಗಿಯದಿರಬಹುದು. ಮುಗಿಯಿತೋ ಇಲ್ಲವೋ ಎಂದು ಹೇಳುವುದು ಹೈಡ್ರೋಮೀಟರ್. ನೀರಿನಲ್ಲಿ ಅದು 1.000 ತೋರಿಸುತ್ತದೆ, ಸಕ್ಕರೆ ಕರಗಿದ್ದರೆ ಅದಕ್ಕಿಂತ ಮೇಲೆ. ಅಳತೆ 1.000ದ ಆಸುಪಾಸಿಗೆ ಇಳಿದು ಮೂರು ದಿನ ಕದಲದಿದ್ದರೆ ಹುದುಗುವಿಕೆ ಮುಗಿದಂತೆ. ಮೇಲೆಯೇ ನಿಂತುಬಿಟ್ಟಿದ್ದರೆ ಅದು ಮುಗಿದಿಲ್ಲ, ಯೀಸ್ಟ್ ಸುಸ್ತಾಗಿದೆ ಅಷ್ಟೆ.

ಸಕ್ಕರೆ ಹೆಚ್ಚಿದಷ್ಟೂ ಕಿಕ್ ಹೆಚ್ಚೇ?

ಇಲ್ಲ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಫಾರ್ವರ್ಡ್‌ನ ರೆಸಿಪಿಯಲ್ಲಿ ದ್ರಾಕ್ಷಿಯದ್ದೂ ಸೇರಿ ಲೀಟರಿಗೆ ಹತ್ತಿರ ಹತ್ತಿರ ಅರ್ಧ ಕೆಜಿ ಸಕ್ಕರೆ ಬೀಳುತ್ತದೆ. ಲೆಕ್ಕದ ಪ್ರಕಾರ ಅದು ಶೇ 29. ಆದರೆ ಹೆಚ್ಚಿನ ವೈನ್ ಯೀಸ್ಟ್‌ಗಳು ಶೇ 14-16ರ ಹೊತ್ತಿಗೆ ಕೈಚೆಲ್ಲುತ್ತವೆ. ಅಷ್ಟು ಗಟ್ಟಿ ಪಾಕದಲ್ಲಿ ಅದಕ್ಕೂ ಮೊದಲೇ ನಿಲ್ಲಬಹುದು, ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ. ಕೊನೆಗೆ ಸಿಗುವುದು ಮತ್ತೇರಿಸುವ ಶರಬತ್ತು.

ಗೋಧಿಯದ್ದೂ ಇದೇ ಕಥೆ. ಅದರಲ್ಲಿರುವುದು ಪಿಷ್ಟ, ಅದನ್ನು ಒಡೆದು ಸಕ್ಕರೆ ಮಾಡಿಕೊಳ್ಳುವ ಶಕ್ತಿ ಈ ಯೀಸ್ಟ್‌ಗಿಲ್ಲ. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯೇ ಯೀಸ್ಟ್, ಆದ್ದರಿಂದ ತೊಳೆಯಬೇಡಿ ಎನ್ನುವುದೂ ತಪ್ಪು. ಆ ಪುಡಿ ಬಹುಪಾಲು ಹಣ್ಣಿನದೇ ಮೇಣ. ತೊಳೆಯದಿದ್ದರೆ ಔಷಧಿ ಸಿಂಪಡಿಸಿದ್ದರ ಉಳಿಕೆಯೂ ಜಾಡಿಗೆ ಹೋಗುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ಬಿಗಿ ಮುಚ್ಚಳದಲ್ಲಿ. ಅರ್ಧಕ್ಕೆ ನಿಂತ ಸಿಹಿ ವೈನನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿಟ್ಟರೆ, ಬಿಸಿಲು ಏರಿದಾಗ ಯೀಸ್ಟ್ ಮತ್ತೆ ಏಳಬಹುದು. ಕೇವಲ 10 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಎರಡೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 750 ಮಿಲಿ ಬಾಟಲಿ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಗಾಜು ಸಿಡಿದು ಕಣ್ಣಿಗೆ ಬಡಿಯುವುದು ಹೀಗೆ. ಏರ್‌ಲಾಕ್ ಇರುವುದೇ ಗಾಳಿ ಹೊರಗೆ ಹೋಗಲಿ, ಒಳಗೆ ಬಾರದಿರಲಿ ಎಂದು. ದಿನಾ ಮುಚ್ಚಳ ತೆಗೆದು ಕಲಕಿ ಎನ್ನುವ ಸಲಹೆ ಮೊದಲ ಮೂರು ನಾಲ್ಕು ದಿನಕ್ಕೆ ಸರಿ. ಆಮೇಲೆ ಗಾಳಿ ಸೇರಿದರೆ ವೈನ್ ವಿನೆಗರ್ ಆಗುತ್ತದೆ.

ಇನ್ನು ಮೆಥನಾಲ್ ಭಯ. ಹಣ್ಣಿನ ಪೆಕ್ಟಿನ್‌ನಿಂದ ಅದು ತುಸು ಹುಟ್ಟುವುದು ನಿಜ, ಆದರೆ ಹುದುಗಿಸಿದ ಮಾತ್ರಕ್ಕೆ ಕಣ್ಣು ಕಳೆಯುವಷ್ಟು ಅಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಮೆಥನಾಲ್ ಬೆರೆತ ಕಳ್ಳ ಸಾರಾಯಿ. ಆದ್ದರಿಂದ ಮನೆ ವೈನನ್ನು ಬಟ್ಟಿ ಇಳಿಸುವ, 'ಸ್ಪಿರಿಟ್' ಬೆರೆಸುವ ಫಾರ್ವರ್ಡ್ ಬಂದರೆ ಅಲ್ಲಿಯೇ ಅಳಿಸಿ.

'ಕೆಮಿಕಲ್ ಇಲ್ಲ, ಮಕ್ಕಳಿಗೂ ಒಂದು ಚಮಚ ಕೊಡಬಹುದು' ಎಂಬ ಸಾಲನ್ನೂ ಅಳಿಸಿ. ಶೇ 12ರ ಮನೆ ವೈನ್ ಸಾಮಾನ್ಯ ಬಿಯರ್‌ಗಿಂತ ಗಟ್ಟಿ. ಸುರಕ್ಷಿತ ಎನ್ನಬಹುದಾದ ಆಲ್ಕೋಹಾಲ್ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ, ಅದರಲ್ಲಿ ಮನೆಯದು ಅಂಗಡಿಯದು ಎಂಬ ಭೇದವಿಲ್ಲ.